ಸೂಲಗಿತ್ತಿ : ಶಾಸ್ತ್ರದಲ್ಲಿಯೂ ಲೋಕದಲ್ಲಿಯೂ

‘ಸೂಲಗಿತ್ತಿ’ ಎಂಬ ಶಬ್ದವನ್ನು ಸಂಸ್ಕೃತದ ‘ಸೂ’ ಧಾತುವಿನಿಂದ ಸಾಧಿಸಬೇಕೆಂಬ ಆಶೆಯು ಸಂಸ್ಕೃತಾಭ್ಯಾಸಿಗಳಿಗೆ ಸಹಜವಾದುದು. ಪ್ರಸೂತಿ, ಸೂತಿಕೆ, ಸೂತಕ ಎಂಬ ಮಾತುಗಳು ಕಿವಿಯಲ್ಲಿ ತುಂಬಿರುವಾಗ ‘ಸೂಲ್’ ಎಂಬುದೂ ಅದೇ ಕುಲದ್ದೆಂದು ತೋರುವುದು ಆಶ್ಚರ್ಯವಲ್ಲ. ಆದರೆ ತಮಿಳಿನ ‘ಚೂಲ್’ ಎಂಬುದಕ್ಕೆ ಗರ್ಭವೆಂಬ ಅರ್ಥವುಂಟು. ಕನ್ನಡದ ‘ಸೂಲ್’ ಹೆರಿಗೆಯೆಂಬ ಅರ್ಥದಲ್ಲಿ ನಿಂತಿದೆ. ಸೋದರಭಾಷೆಯಲ್ಲಿ ಹೀಗೆ ಬೇರೂರಿರುವ ಪದವನ್ನು ಎರವಿನದೆನ್ನುವುದಕ್ಕಿಂತ ದೇಶ್ಯವೆನ್ನುವುದೇ ಯುಕ್ತವಾಗಿ ಕಾಣುತ್ತದೆ. ‘ಗಿತ್ತಿ’ ಎಂಬುದು ಮದುವಣಗಿತ್ತಿ, ಅಗಸಗಿತ್ತಿ ಮೊದಲಾದವುಗಳಲ್ಲಿ ಕಾಣುವ ಸ್ತ್ರೀಪ್ರತ್ಯಯವೇ. ಬಾಣಂತಿ ಎಂಬುದರ ವಿಷಯದಲ್ಲಿ ಇಷ್ಟು ಧೈರ್ಯವು ಸಲ್ಲದು. ಮರಾಠಿಯ ‘ಬಾಳಂತೀಣ’, ತೆಲುಗಿನ ‘ಬಾಲಿಂತ’ ಎಂಬ ರೂಪಗಳು ಅದನ್ನು ‘ಬಾಲ’ ಶಬ್ದದ ಕಡೆಗೆ ಎಳೆಯುತ್ತವೆ. ಅಂತೂ ಹೆತ್ತವಳ ಹೆಸರು ಎಲ್ಲಿಂದ ಬಂದಿದ್ದರೂ ಹೆರಿಸಿದವಳ ಹೆಸರು ಮಾತ್ರ ಈ ನೆಲದ್ದು.

ಹೆಸರು ದೇಶ್ಯವಾದರೂ ಆಕೆಯ ಕೆಲಸದ ಲಕ್ಷಣವನ್ನು ಮೊದಲು ವಿಸ್ತಾರವಾಗಿ ಬರೆದಿಟ್ಟವರು ಸಂಸ್ಕೃತದ ವೈದ್ಯಾಚಾರ್ಯರು. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಸೂತಿಕಾಗಾರವನ್ನು ಕಟ್ಟಿಸಬೇಕೆಂದು ವಿಧಿಸಿ, ಅಲ್ಲಿ ಇರಿಸತಕ್ಕ ತುಪ್ಪ, ಎಣ್ಣೆ, ಒರಳು, ಒನಕೆ, ಸೂಜಿ, ದಾರ ಮೊದಲಾದವುಗಳ ಪಟ್ಟಿಯನ್ನು ಕೊಟ್ಟು, ಆ ಬಳಿಕ ಸ್ತ್ರೀಯರ ಮಾತನ್ನು ಎತ್ತಿದೆ. ಅವರು ಹಲವು ಸಲ ಹೆತ್ತವರು, ಗರ್ಭಿಣಿಯಲ್ಲಿ ಸ್ನೇಹವುಳ್ಳವರು, ಸಮಯಸ್ಫೂರ್ತಿಯುಳ್ಳವರು, ಸ್ವಭಾವದಿಂದಲೇ ವಾತ್ಸಲ್ಯವುಳ್ಳವರು, ವಿಷಾದವನ್ನು ಬಿಟ್ಟವರು, ಕ್ಲೇಶವನ್ನು ಸಹಿಸಬಲ್ಲವರು ಆಗಿರಬೇಕಂತೆ. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಈ ಗುಣಗಳಲ್ಲಿ ಕೈಚಳಕಕ್ಕಿಂತ ಮನಸ್ಸಿಗೆ ಸಂಬಂಧಿಸಿದವೇ ಹೆಚ್ಚು. ಸುಶ್ರುತನಾದರೋ ಶಸ್ತ್ರವೈದ್ಯನಿಗೆ ತಕ್ಕಂತೆ ಮಿತವಾಗಿ ಹೇಳುತ್ತಾನೆ: ಲಜ್ಜೆಶಂಕೆಗಳಿಗೆ ಎಡೆಗೊಡದ ನಾಲ್ವರು ಸ್ತ್ರೀಯರು, ವಯಸ್ಸು ಮಾಗಿದವರು, ಹೆರಿಸುವುದರಲ್ಲಿ ನಿಪುಣರು, ಉಗುರು ಕತ್ತರಿಸಿಕೊಂಡವರು. ಈ ಕೊನೆಯ ವಿಶೇಷಣವನ್ನು ಹಿಡಿದು ಇಂದಿನ ರೋಗಾಣುಶಾಸ್ತ್ರವು ಸುಶ್ರುತನಿಗೆ ತಿಳಿದಿತ್ತೆಂದು ಸಾರುವ ಉತ್ಸಾಹಿಗಳಿರುವರು. ಅದು ಅತಿವ್ಯಾಪ್ತಿ. ಉಗುರು ತಾಗಿ ಗಾಯವಾಗಬಾರದೆಂಬ ಅನುಭವಜ್ಞಾನವು ಅಲ್ಲಿದೆ. ಅಷ್ಟೇ ಸಾಕಷ್ಟು ದೊಡ್ಡದು.

ನೋವು ತೊಡಗಿದ ಮೇಲಣ ವರ್ಣನೆಯು ಚರಕದಲ್ಲಿ ಇನ್ನೂ ರಸವತ್ತಾಗಿದೆ. ನೋವು ಬಂದರೂ ಪ್ರಸವವಾಗದಿದ್ದರೆ ಆಕೆಯನ್ನು ಎಬ್ಬಿಸಿ ಕೈಗೆ ಒನಕೆಯನ್ನು ಕೊಟ್ಟು, ಒರಳಿನಲ್ಲಿ ತುಂಬಿದ ಧಾನ್ಯವನ್ನು ಮತ್ತೆ ಮತ್ತೆ ಕುಟ್ಟಿಸಬೇಕೆಂದು ಕೆಲವರ ಮತ. ಭಗವಾನ್ ಆತ್ರೇಯನು ಅದನ್ನು ಒಪ್ಪುವುದಿಲ್ಲ. ಗರ್ಭಿಣಿಗೆ ದಾರುಣವಾದ ವ್ಯಾಯಾಮವು ಯಾವಾಗಲೂ ವರ್ಜ್ಯ, ಪ್ರಸವಕಾಲದಲ್ಲಂತೂ ಪ್ರಾಣಾಪಾಯಕರ; ಆದುದರಿಂದ ಒನಕೆಯನ್ನು ಬಿಟ್ಟು, ಆಕಳಿಕೆ ತೆಗೆಯುತ್ತ ಅತ್ತಿತ್ತ ನಡೆದಾಡಿದರೆ ಸಾಕು ಎಂಬುದು ಅವನ ನಿರ್ಣಯ. ಒನಕೆಯ ಮತವನ್ನು ಹಿಡಿದಿದ್ದ ಆ ‘ಕೆಲವರು’ ಯಾರು? ಮನೆಗಳಲ್ಲಿ ನಡೆದುಬಂದಿದ್ದ ರೂಢಿಯೊಂದನ್ನು ಶಾಸ್ತ್ರಕಾರನು ಇಲ್ಲಿ ಎದುರಿಗಿಟ್ಟುಕೊಂಡು ವಾದಿಸುತ್ತಿರುವಂತೆ ತೋರುತ್ತದೆ. ಮುಂದೆ ಸ್ತ್ರೀಯರಲ್ಲಿ ಒಬ್ಬಳು ಆಕೆಗೆ ಹೇಳಬೇಕಾದ ಮಾತು: ನೋವಿಲ್ಲದಾಗ ಮುಕ್ಕಬೇಡ, ಹಾಗೆ ಮಾಡಿದರೆ ಶ್ರಮವು ವ್ಯರ್ಥ, ಮಗುವಿಗೂ ಕೇಡು, ನೋವು ಬಂದಾಗ ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ. ಆಕೆಯು ಮುಕ್ಕುತ್ತಿರುವಾಗ ಸುತ್ತಲಿದ್ದವರು ‘ಹೆತ್ತೆ, ಭಾಗ್ಯವಂತನಾದ ಮಗನನ್ನು ಹೆತ್ತೆ’ ಎಂಬರ್ಥದ ಮಾತನ್ನು ಆಡಬೇಕು. ಆ ಹರ್ಷದಿಂದ ಪ್ರಾಣಗಳು ತುಂಬಿಕೊಳ್ಳುತ್ತವೆ. ಮಗಳೆಂದು ಹೇಳಿದರೂ ಪ್ರಾಣಗಳು ತುಂಬಬಹುದೆಂಬುದು ಆಚಾರ್ಯನಿಗೆ ಹೊಳೆಯಲಿಲ್ಲ, ಅದಿರಲಿ. ಮಾತಿನಿಂದ ದೇಹಕ್ಕೆ ಬಲ ಬರುವುದೆಂಬುದನ್ನು ಔಷಧದ ಪಕ್ಕದಲ್ಲಿಯೇ ವಿಧಿಯಾಗಿ ಬರೆದಿರುವುದು ಮುಖ್ಯ.

ಹೆತ್ತ ಬಳಿಕ ಪಿಪ್ಪಲಿ, ಪಿಪ್ಪಲೀಮೂಲ, ಚವ್ಯ, ಚಿತ್ರಮೂಲ, ಶುಂಠಿಗಳ ಪುಡಿಯೊಡನೆ ಸ್ನೇಹಪಾನ, ಹೊಟ್ಟೆಗೆ ತುಪ್ಪ ಎಣ್ಣೆಗಳ ಲೇಪ, ದೊಡ್ಡ ಬಟ್ಟೆಯ ಸುತ್ತು, ಆಮೇಲೆ ದ್ರವವಾದ ಗಂಜಿ. ಬಟ್ಟೆಯ ಸುತ್ತಿಗೆ ಹೇಳಿರುವ ಕಾರಣವೇನೆಂದರೆ, ಎಡೆಯಿಲ್ಲದ ಕಾರಣ ವಾಯುವು ಉದರದಲ್ಲಿ ವಿಕಾರವನ್ನು ಮಾಡಲಾರದು. ಕನ್ನಡನಾಡಿನ ಬಾಣಂತಿಕೋಣೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಮೆಣಸು ಬೆಳ್ಳುಳ್ಳಿಯ ಸಾರು, ಶುಂಠಿ, ಹೊಟ್ಟೆಗೆ ಬಿಗಿದ ಹಳೆಯ ಸೀರೆ, ಇವು ಚರಕವನ್ನು ಓದದ ಮನೆಗಳಲ್ಲಿಯೂ ನಡೆದುಬಂದಿವೆ. ಆದರೆ ಎಲ್ಲ ರೂಢಿಗೂ ಶಾಸ್ತ್ರದ ಬೆಂಬಲವಿದೆಯೆನ್ನಲಾಗದು. ಬಾಣಂತಿಗೆ ಕುಡಿಯುವ ನೀರನ್ನು ಬಿಗಿಹಿಡಿಯುವ ಪದ್ಧತಿಯು ಹಲವು ಮನೆಗಳಲ್ಲಿದ್ದಿತು. ಗಂಜಿಯನ್ನು ವಿಧಿಸಿದ ಚರಕನಿಗೆ ಅದು ಸಮ್ಮತವಾಗಲಾರದು. ಶಾಸ್ತ್ರಗಳಲ್ಲಿಯೇ ಭಿನ್ನಾಭಿಪ್ರಾಯವೂ ಉಂಟು. ಜೇನುತುಪ್ಪ ನೆಕ್ಕಿಸಿದೊಡನೆಯೇ ಬಲಮೊಲೆಯನ್ನು ಕೊಡಬೇಕೆಂದು ಚರಕನ ಮತ. ಮೂರು ನಾಲ್ಕು ದಿನಗಳ ಮೇಲೆ ಹಾಲಿಳಿಯುವುದರಿಂದ ಅಲ್ಲಿಯವರೆಗೆ ಜೇನು ತುಪ್ಪಗಳೆಂದು ಸುಶ್ರುತನ ಮತ. ಎಳೆಗೂಸಿಗೆ ಜೇನು ಸಲ್ಲದೆಂದೂ ಹುಟ್ಟಿದ ಮೊದಲ ಗಂಟೆಯಲ್ಲಿಯೇ ಮೊಲೆಯೂಡಬೇಕೆಂದೂ ಇಂದಿನ ವೈದ್ಯರು ಹೇಳುವುದರಿಂದ ಹಾಲಿನ ವಿಷಯದಲ್ಲಿ ಚರಕನ ಪಕ್ಷವು ಗೆದ್ದಂತಾಯಿತು. ಹೆತ್ತವಳ ‘ಸೂತಿಕೆ’ ಎಂಬ ಹೆಸರು ಒಂದೂವರೆ ತಿಂಗಳು ಉಳಿಯುವುದೆಂದು ಸುಶ್ರುತನು ಹೇಳಿರುವನು.

ಇಷ್ಟೆಲ್ಲ ಬರೆದ ಗ್ರಂಥಗಳು ಆ ಸ್ತ್ರೀಯರಿಗೆ ಗುಣಗಳನ್ನು ಕೊಟ್ಟವೇ ಹೊರತು ಹೆಸರನ್ನು ಕೊಡಲಿಲ್ಲ. ಲೋಕವೂ ಆಕೆಯನ್ನು ಚೆನ್ನಾಗಿ ನಡೆಸಿಕೊಳ್ಳಲಿಲ್ಲ. ಪುರುಡಿನ ಭಯದಿಂದ ಮನೆಯವರು ಮುಟ್ಟದ ಹೊಕ್ಕುಳಬಳ್ಳಿಯನ್ನೂ ಮೈಲಿಗೆಯ ಬಟ್ಟೆಯನ್ನೂ ಮುಟ್ಟುವ ಕೆಲಸವು ಬಹುಕಡೆಗಳಲ್ಲಿ ಕೆಳಗಿನವರೆಂದು ಎಣಿಸಲ್ಪಟ್ಟ ಜಾತಿಗಳ ಸ್ತ್ರೀಯರಿಗೆ ಬಿದ್ದಿತು. ಬೇರೆ ದಿನಗಳಲ್ಲಿ ಹೊಸಲು ದಾಟಗೊಡದವಳನ್ನು ಆ ಒಂದು ರಾತ್ರಿ ಒಳಕೋಣೆಗೇ ಕರೆದು, ಅಕ್ಕಿ ಬೇಳೆ ಸೀರೆ ಎಲೆಯಡಿಕೆಗಳನ್ನು ಕೊಟ್ಟು, ಮತ್ತೆ ಹೊರಗೆ ನಿಲ್ಲಿಸಿದ್ದನ್ನು ಯಾವ ಧರ್ಮವಿಚಾರದಿಂದಲೂ ಸಮರ್ಥಿಸಲಾಗದು.

ಆಂಗ್ಲರ ಆಳ್ವಿಕೆಯಲ್ಲಿ ಆಕೆಯ ಮೇಲೆ ಬೇರೊಂದು ಆಕ್ಷೇಪ ಬಂದಿತು. 1885ರಲ್ಲಿ ಲೇಡಿ ಡಫರಿನ್ ನಿಧಿಯೂ, ದಾಯಿಯರ ಶಿಕ್ಷಣಕ್ಕಾಗಿಯೇ 1903ರಲ್ಲಿ ವಿಕ್ಟೋರಿಯಾ ಸ್ಮಾರಕ ನಿಧಿಯೂ ಹುಟ್ಟಿದವು. 1926ರಲ್ಲಿ ಮದರಾಸಿನಲ್ಲಿ ದಾದಿಯರ ಮತ್ತು ಸೂಲಗಿತ್ತಿಯರ ಕಾನೂನು ಬಂದಿತು. ಕೊಳಕು ಕೈ, ಹಳೆಯ ಕುಡುಗೋಲು, ಧನುರ್ವಾತ, ಬಾಣಂತಿಜ್ವರ ಎಂಬ ದೂರುಗಳು ಸುಳ್ಳಲ್ಲ. ಆದರೆ 1847ರಲ್ಲಿ ಸೆಮ್ಮೆಲ್‌ವೈಸನು ವಿಯೆನ್ನಾದಲ್ಲಿ ಕೈತೊಳೆಯುವ ನಿಯಮವನ್ನು ತಂದಾಗ, ಜ್ವರದಿಂದ ಹೆಚ್ಚಾಗಿ ಸಾಯುತ್ತಿದ್ದುದು ವೈದ್ಯರೂ ಅವರ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದಲ್ಲಿ; ಸೂಲಗಿತ್ತಿಯರ ವಿಭಾಗದಲ್ಲಿ ಅಲ್ಲ. ದೋಷವು ತೊಳೆಯದ ಕೈಯದು, ಜಾತಿಯದೂ ಅಲ್ಲ, ಓದಿಲ್ಲದಿರುವುದರದೂ ಅಲ್ಲ.

ಹೆರಿಗೆಯು ಆಸ್ಪತ್ರೆಗೆ ಹೋದುದರಿಂದ ಎಷ್ಟೋ ತಾಯಂದಿರ ಜೀವ ಉಳಿಯಿತೆಂಬುದು ನಿರ್ವಿವಾದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದವು. ಸೂಲಗಿತ್ತಿಯ ಕೆಲಸವು ಎರಡು: ಹೆರಿಸುವುದು, ಬಳಿಯಲ್ಲಿರುವುದು. ಮೊದಲನೆಯದನ್ನು ವೈದ್ಯರೂ ದಾದಿಯರೂ ವಹಿಸಿಕೊಂಡರು. ಎರಡನೆಯದನ್ನು ವಹಿಸಿಕೊಂಡವರಿಲ್ಲ, ಮನೆಯವರು ಬಾಗಿಲಾಚೆ ನಿಂತರು. ಪಶ್ಚಿಮದಲ್ಲಿ ಈ ಕೊರತೆಯನ್ನು ಕಂಡವರು ಹೊಸ ಹೆಸರನ್ನು ಹುಡುಕಿದರು. ಡೇನಾ ರಾಫೆಲ್ ಎಂಬ ಮಾನವಶಾಸ್ತ್ರಜ್ಞೆಯು 1973ರಲ್ಲಿ ಹೊಸ ತಾಯಿಗೆ ನೆರವಾಗುವವಳನ್ನು ‘ಡೌಲಾ’ ಎಂದು ಕರೆದಳು. ಗ್ರೀಕಿನಲ್ಲಿ ಅದರ ಅರ್ಥ ದಾಸಿ. ಕೆಲಸದಿಂದಲೇ ಹೆಸರಾದ ‘ಸೂಲಗಿತ್ತಿ’ಯು ಅದಕ್ಕಿಂತ ಗೌರವದ ಮಾತು. 1980ರಲ್ಲಿ ಗ್ವಾಟೆಮಾಲದ ಪರೀಕ್ಷೆಯೊಂದರ ಫಲವು ಪ್ರಕಟವಾಗಿ, ಜೊತೆಗಾತಿಯೊಬ್ಬಳು ಬಿಡದೆ ಬಳಿಯಲ್ಲಿದ್ದರೆ ಹೆರಿಗೆಯ ಅವಧಿಯು ಕಡಮೆಯಾಗುವುದೆಂದು ಕಂಡಿತು. 2017ರಲ್ಲಿ 15,000ಕ್ಕೂ ಹೆಚ್ಚು ಸ್ತ್ರೀಯರನ್ನೊಳಗೊಂಡ 26 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಂತಹ ನೆರವು ದೊರೆತವರಲ್ಲಿ ಸಹಜಪ್ರಸವವು ಹೆಚ್ಚೆಂದೂ ಹೊಟ್ಟೆ ಕೊಯ್ದು ತೆಗೆಯುವುದು ಕಡಮೆಯೆಂದೂ ತಿಳಿದುಬಂದಿತು. ತಾನು ಬಯಸಿದ ಜೊತೆಗಾರರು ಹೆರುವವಳ ಬಳಿಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೇಳಿತು.

ಅದೇ 2018ರಲ್ಲಿ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅಕ್ಷರ ಕಲಿಯದ ಅವರು ಅಜ್ಜಿಯ ಬಳಿಯಲ್ಲಿ ಈ ವಿದ್ಯೆಯನ್ನು ಕಲಿತು, ಹದಿನೈದು ಸಾವಿರಕ್ಕೂ ಮೇಲ್ಪಟ್ಟ ಹೆರಿಗೆಗಳನ್ನು ಹಣ ಕೇಳದೆ ಮಾಡಿಸಿದರೆಂದು ಪ್ರಸಿದ್ಧಿಯಿದೆ. ಅದೇ ವರ್ಷದ ಡಿಸೆಂಬರ್ 25ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು. ಗ್ರಂಥಗಳು ಹೆಸರಿಸದೆ ಬಿಟ್ಟ ಆ ಸ್ತ್ರೀಯರ ಕುಲದಲ್ಲಿ, ವೃತ್ತಿಯ ಹೆಸರನ್ನೇ ತಮ್ಮ ಹೆಸರಿನ ಮುಂದೆ ಬಿರುದಾಗಿ ಪಡೆದವರು ಅವರು.