ಹೊಸ್ತಿಲಿನ ಆಚೆ ಈಚೆ: ಕೃತಕ ಕಾಲಿನ ಬಳಕೆಯನ್ನು ಅಳೆಯುವ ಕ್ರಮದ ಒಂದು ಪರಿಶೀಲನೆ

ಕಾಲು ಕಳೆದುಕೊಂಡವರು ಕೃತಕ ಕಾಲಿಗೆ ಹೊಂದಿಕೊಳ್ಳುವ ಬಗೆಯನ್ನು ಕುರಿತ ಭಾರತೀಯ ಚರ್ಚೆ ಬಹುಮಟ್ಟಿಗೆ ಪಾದದ ಸುತ್ತಲೇ ಬೆಳೆದಿದೆ. 1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಅವರ ಶ್ರಮದಿಂದ ರೂಪುಗೊಂಡ ಜೈಪುರ ಪಾದವು, ಬೂಟಿನ ಹಂಗಿಲ್ಲದೆ ಬರಿಗಾಲಲ್ಲಿ ನಡೆಯಲು, ಕುಕ್ಕರಗಾಲಲ್ಲಿ ಕೂರಲು, ಕೆಸರು ತುಳಿಯಲು ಬರುವಂಥದ್ದು ಎಂಬುದರಲ್ಲಿ ವಿದ್ವಾಂಸರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆರ್ಯ ಮತ್ತು ಸಂಗಡಿಗರು 1995ರಲ್ಲಿ ಕೆಲವೇ ಮಂದಿಯ ನಡಿಗೆಯನ್ನು ಪರೀಕ್ಷಿಸಿ, ಆಘಾತವನ್ನು ತಡೆಯುವುದರಲ್ಲಿ ಸ್ಯಾಚ್ ಪಾದ (ಗಟ್ಟಿ ಕಣಕಾಲು, ಮೆತ್ತನೆಯ ಹಿಮ್ಮಡಿಯ ಪಾಶ್ಚಾತ್ಯ ಮಾದರಿ) ಮೇಲೆಂದೂ ನಡಿಗೆಯ ಸಹಜತೆಯಲ್ಲಿ ಜೈಪುರ ಪಾದ ಮೇಲೆಂದೂ ಕಂಡುಕೊಂಡರು. ಜೆನ್ಸನ್ ಮತ್ತು ಸಂಗಡಿಗರು 2004ರಲ್ಲಿ ಚರ್ಚೆಯನ್ನು ಪಾದದಿಂದ ಮೇಲಕ್ಕೆ, ಸಾಕೆಟ್‌ಗೆ, ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲಿನಂಥ ಭಾಗಕ್ಕೆ ಒಯ್ದು, ಪ್ಲಾಸ್ಟಿಕ್ ಪೈಪಿನಿಂದ ಮಾಡುವ ಜೈಪುರ ಕಾಲುಗಳಲ್ಲಿ ಸಾಕೆಟ್ಟಿನ ಅಳತೆ ಸರಿಹೊಂದದಿರುವುದೇ ದೊಡ್ಡ ಕೊರತೆಯೆಂದು ತೋರಿಸಿದರು. ಇಷ್ಟನ್ನು ಒಪ್ಪಿಕೊಂಡು ಮುಂದೆ ಸಾಗಬಹುದು.

ಒಪ್ಪಲು ಕಷ್ಟವಾಗುವುದು ಬಳಕೆಯನ್ನು ಅಳೆಯುವ ಕ್ರಮ. ಬ್ರಿಟನ್ನಿನ ಹೌಟನ್ ಮತ್ತು ಸಂಗಡಿಗರು 1992ರಲ್ಲಿ, ರಕ್ತನಾಳದ ಕಾಯಿಲೆಯಿಂದ ಕಾಲು ಕಳೆದುಕೊಂಡವರ ಪುನರ್ವಸತಿಯನ್ನು ತೂಗಲು ಬಳಸಿದ ಮಾಪಕವು ಮುಂದೆ ಬೇರೆ ದೇಶಗಳಲ್ಲೂ ಬಳಕೆಗೆ ಬಂತು. ಅದರಲ್ಲಿ ನಾಲ್ಕು ಪ್ರಶ್ನೆಗಳು, ಒಟ್ಟು 12 ಅಂಕ; 9 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪುನರ್ವಸತಿ ತೃಪ್ತಿಕರ. ಎಚ್ಚರವಿರುವ ಹೊತ್ತಿನಲ್ಲಿ ಎಷ್ಟು ಪಾಲು ಕಾಲನ್ನು ತೊಟ್ಟಿರುತ್ತಾರೆ ಎಂಬುದು ಮೊದಲ ಪ್ರಶ್ನೆ. ಎಲ್ಲಿ ತೊಟ್ಟು ನಡೆಯುತ್ತಾರೆ ಎಂಬುದು ಎರಡನೆಯದು. ಅದರ ಮೆಟ್ಟಿಲುಗಳು ಹೀಗಿವೆ: ವೈದ್ಯರ ಬಳಿಗೆ ಹೋಗುವಾಗ ಮಾತ್ರ, ಮನೆಯೊಳಗೆ ಮಾತ್ರ, ಆಗೀಗ ಮನೆಯ ಹೊರಗೆ, ಕೊನೆಗೆ ಒಳಗೂ ಹೊರಗೂ ಸದಾ. ಹೊರಗೆ ನಡೆಯುವಾಗಿನ ಆಸರೆ ಮತ್ತು ನೆಲದ ಬಗೆಗನುಗುಣವಾದ ಸ್ಥಿರತೆ ಉಳಿದೆರಡು ಪ್ರಶ್ನೆಗಳ ವಿಷಯ.

ಈ ಮೆಟ್ಟಿಲುಗಳ ಕೆಳಗೆ ಹೇಳದೆ ಉಳಿದ ಒಂದು ನಂಬಿಕೆಯಿದೆ: ಮನೆಯೊಳಗಿನ ನಡಿಗೆ ಸುಲಭ, ಹೊರಗಿನದು ಕಠಿಣ, ಆದ್ದರಿಂದ ಒಳಗಿನದು ಕೈಗೂಡಿದ ಮೇಲಷ್ಟೇ ಹೊರಗಿನದು. ಹಾಸಿನ ನೆಲ, ಎತ್ತರದ ಮಂಚ, ಕುರ್ಚಿ, ಮೇಜುಗಳಿರುವ ಮನೆಗೆ ಇದು ಸಲ್ಲುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿಮನೆಗಳಲ್ಲಿ ಈ ಅನುಕ್ರಮ ತಿರುವುಮುರುವಾಗುತ್ತದೆ. ಚಪ್ಪಲಿ ಹೊಸ್ತಿಲಾಚೆ ಉಳಿಯುತ್ತದೆ. ಊಟ, ಕಾಳು ಹಸನು ಮಾಡುವುದು, ಬಂದವರೊಡನೆ ಪಡಸಾಲೆಯಲ್ಲಿ ಮಾತು, ಎಲ್ಲವೂ ನೆಲದ ಮೇಲೆ ನಡೆಯುತ್ತವೆ. ಮೊಣಕಾಲಿನ ಕೆಳಗೆ ಕತ್ತರಿಸಿದವರಿಗೆ ಹೆಚ್ಚಾಗಿ ಕೊಡುವ ಸಾಕೆಟ್ ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿನ ಮೇಲೆ ಭಾರ ಹೊರಿಸುವ ಬಗೆಯದು, ಅದರ ಹಿಂದಿನ ಅಂಚು ಮೊಣಕಾಲ ಸಂದಿನವರೆಗೆ ಏರಿರುತ್ತದೆ. ಪೂರ್ತಿ ಮಡಿಸಿ ಕೂತರೆ ಆ ಅಂಚು ತೊಡೆಯ ಕೆಳಮೈಗೆ ಒತ್ತುತ್ತದೆ. ಪಾದ ಕುಕ್ಕರಗಾಲಿಗೆ ಒಪ್ಪಿದರೂ ಸಾಕೆಟ್ ಒಪ್ಪುವುದಿಲ್ಲವೆಂಬುದು ಸೇಠಿಯವರ ಪರಂಪರೆಯ ಬರಹಗಳಲ್ಲಿ ಸಾಕಷ್ಟು ಒತ್ತು ಪಡೆದಿಲ್ಲ. ಹೀಗಿರುವಾಗ ಹೊರಗೆ ಹೋಗುವಾಗ ಕಾಲು ತೊಟ್ಟು, ಮನೆಗೆ ಬಂದೊಡನೆ ಕಳಚಿ ಗೋಡೆಗೆ ಒರಗಿಸಿಡುವುದು ತೀರ ವಿವೇಕದ ಏರ್ಪಾಟು. ಹೌಟನ್ ಮಾಪಕದಲ್ಲಿ ಅದಕ್ಕೆ ಸರಿಯಾದ ಮೆಟ್ಟಿಲೇ ಇಲ್ಲ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಬೆಳಿಗ್ಗೆ ಕಾಲು ತೊಟ್ಟು ಬಸ್ ಹಿಡಿದು ಸವಣೂರಿನ ಪೇಟೆಗೆ ಹೋಗಿ, ವೀಳ್ಯದೆಲೆಯ ವ್ಯಾಪಾರ ಮುಗಿಸಿ, ಮಧ್ಯಾಹ್ನ ಮರಳಿ ಕಾಲು ಕಳಚುವ ಒಬ್ಬ ವ್ಯಕ್ತಿಯಿದ್ದಾನೆಂದು ಭಾವಿಸೋಣ. ತೊಟ್ಟ ಹೊತ್ತು ಎಚ್ಚರದ ಹೊತ್ತಿನ ಅರ್ಧಕ್ಕಿಂತ ಕಡಿಮೆಯಾದ್ದರಿಂದ ಮೊದಲ ಪ್ರಶ್ನೆಗೆ 1 ಅಂಕ. ಸಮೀಪದ ಮೆಟ್ಟಿಲೆಂದರೆ ‘ಆಗೀಗ ಹೊರಗೆ’ ಆದ್ದರಿಂದ ಎರಡನೆಯದಕ್ಕೆ 2. ಕೈಯಲ್ಲಿ ಒಂದು ಕೋಲಿದ್ದರೆ ಮೂರನೆಯದಕ್ಕೆ 2. ಏರುಪೇರಿನ ನೆಲದಲ್ಲಿ ಮಾತ್ರ ಅಳುಕಿದ್ದರೆ ನಾಲ್ಕನೆಯದಕ್ಕೆ 2. ಒಟ್ಟು 7. ಸ್ವಂತ ದುಡಿಮೆ ಮಾಡಿಕೊಂಡಿರುವ ವ್ಯಕ್ತಿ ಈ ಮಾಪಕದ ಪ್ರಕಾರ ಪುನರ್ವಸತಿಯಲ್ಲಿ ಅನುತ್ತೀರ್ಣ.

ಹೊರಗಿನ ನೆಲವೂ ಒಂದೇ ಬಗೆಯದಲ್ಲ. ಸವಣೂರು, ಶಿಗ್ಗಾವಿ ಕಡೆಯ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆ ಬಿದ್ದೊಡನೆ ಅಂಟಿನಂತಾಗುತ್ತದೆ. ಜೈಪುರ ಪಾದದ ರಬ್ಬರು ನೀರಿಗೆ ಅಂಜುವುದಿಲ್ಲವೆಂಬುದು ನಿಜ. ಆದರೆ ಪಾದಕ್ಕೆ ಮೆತ್ತಿದ ಎರೆಮಣ್ಣಿನ ಭಾರ ಉದ್ದನೆಯ ಸನ್ನೆಯ ತುದಿಯಲ್ಲಿ ಕೂರುವುದರಿಂದ, ಪ್ರತಿ ಹೆಜ್ಜೆಗೂ ಸಾಕೆಟ್ ಕೆಳಕ್ಕೆ ಜಗ್ಗಿ, ಬೆವರಿದ ಚರ್ಮದ ಮೇಲೆ ಉಜ್ಜಿ ಗುಳ್ಳೆ ಏಳಿಸಬಲ್ಲದು. ಹಾನಗಲ್ಲಿನ ಅರೆಮಲೆನಾಡಿನ ಭತ್ತದ ಗದ್ದೆಗಳಲ್ಲಿ ತೇವ ತಿಂಗಳುಗಟ್ಟಲೆ ನಿಲ್ಲುತ್ತದೆ. ಮುಂಗಾರಿನಲ್ಲಿ ಹೊಲಕ್ಕೆ ಊರುಗೋಲು, ಸುಗ್ಗಿಯ ನಂತರದ ಒಣನೆಲಕ್ಕೆ ಕೃತಕ ಕಾಲು ಎಂದು ಋತುಮಾನಕ್ಕೆ ತಕ್ಕಂತೆ ಹಂಚಿಕೊಂಡರೆ ಅದನ್ನೂ ಹೊಂದಾಣಿಕೆಯೆಂದೇ ಎಣಿಸಬೇಕಾಗುತ್ತದೆ. ಜುಲೈ ತಿಂಗಳ ಸಮೀಕ್ಷೆ ‘ಬಳಸುತ್ತಿಲ್ಲ’ ಎಂದು ಬರೆದುಕೊಂಡವರನ್ನೇ ಫೆಬ್ರವರಿಯ ಸಮೀಕ್ಷೆ ‘ಬಳಸುತ್ತಾರೆ’ ಎಂದು ಬರೆದುಕೊಂಡೀತು.

ಆದ್ದರಿಂದ ಈ ಲೇಖನದ ವಾದವಿದು: ಬಿಟ್ಟುಬಿಟ್ಟು ತೊಡುವುದು ತನ್ನಷ್ಟಕ್ಕೆ ತಾನೇ ಸೋಲಿನ ಕುರುಹಲ್ಲ, ಇಂಥ ನೆಲದಲ್ಲಿ ಅದು ಹಲವೊಮ್ಮೆ ಪಕ್ವವಾದ ಹೊಂದಾಣಿಕೆಯ ರೂಪ. ವಾದಕ್ಕೆ ಮಿತಿಗಳು ಹಲವು. ಇದು ಮೊಣಕಾಲಿನ ಕೆಳಗೆ ಕತ್ತರಿಸಿದವರಿಗೆ, ಅದರಲ್ಲೂ ಗಾಯ ಪೂರ್ತಿ ಮಾಗಿದವರಿಗೆ ಸಲ್ಲುವಷ್ಟು ಸಲೀಸಾಗಿ ತೊಡೆಯಲ್ಲಿ ಕತ್ತರಿಸಿದವರಿಗೆ ಸಲ್ಲದು. ಮಧುಮೇಹದಿಂದ ಕಾಲು ಕಳೆದುಕೊಂಡವರಲ್ಲಿ ಸ್ಪರ್ಶಜ್ಞಾನ ಕುಂದಿರುವುದರಿಂದ, ಅವರು ಕಾಲು ಕಳಚಲು ಆಯ್ಕೆಯಷ್ಟೇ ಹುಣ್ಣೂ ಕಾರಣವಾಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಸಡಿಲ ಸಾಕೆಟ್ ಕೊಟ್ಟವರಿಗೆ ಈ ವಾದ ಗುರಾಣಿಯಾಗಬಾರದು. ಕತ್ತರಿಸಿದ ನಂತರದ ಮೊದಲ ವರ್ಷದಲ್ಲಿ ಉಳಿದ ಕಾಲು ಕುಗ್ಗುತ್ತ ಹೋಗುತ್ತದೆ. ಶಿಬಿರದಲ್ಲಿ ಒಂದೇ ದಿನ ಅಳತೆ ತೆಗೆದು ತೊಡಿಸಿದ ಕಾಲು ಕೆಲವೇ ತಿಂಗಳಲ್ಲಿ ಸಡಿಲವಾದರೆ ಸೋಜಿಗವಿಲ್ಲ. ಶಿಬಿರದ ವರದಿಗಳು ಹಂಚಿದ ಕಾಲುಗಳ ಸಂಖ್ಯೆಯನ್ನು ಮುಂದಿಡುತ್ತವೆ, ಮರು ಅಳತೆಯ ಸಂಖ್ಯೆಯನ್ನು ಮುಂದಿಡುವುದು ಅಪರೂಪ. ಮರು ಅಳತೆಗೆಂದು ಹೋಗಲು, ಶಿಗ್ಗಾವಿಯವರಿಗೆ ಹೆದ್ದಾರಿಯಲ್ಲೇ ಸಿಗುವ ಹುಬ್ಬಳ್ಳಿಯ ಮಹಾವೀರ ಲಿಂಬ್ ಸೆಂಟರ್, ಶಿವಮೊಗ್ಗ ಜಿಲ್ಲೆಯ ಗಡಿಗೆ ತಾಗಿದ ಹಿರೇಕೆರೂರಿನವರಿಗೆ ದೂರ. ಹೀಗಾಗಿ ಜೆನ್ಸನ್ ಎತ್ತಿದ ಆಕ್ಷೇಪ ನಾಲ್ಕು ತಾಲ್ಲೂಕುಗಳಿಗೂ ಒಂದೇ ಪ್ರಮಾಣದಲ್ಲಿ ತಟ್ಟಲಾರದು.

ಆಯ್ಕೆಯನ್ನೂ ಅಸಹಾಯಕತೆಯನ್ನೂ ಬೇರ್ಪಡಿಸಲು ಗಂಟೆಗಳ ಎಣಿಕೆಗಿಂತ ಕಾಲನ್ನು ಎಲ್ಲಿ ಕಳಚಿದರು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಹೊಸ್ತಿಲಲ್ಲಿ ಕಳಚಿ ಮರುದಿನ ಮತ್ತೆ ತೊಟ್ಟವರು ಒಂದು ಬಗೆ. ನಡುದಾರಿಯಲ್ಲಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕಳಚಬೇಕಾದವರು ಇನ್ನೊಂದು ಬಗೆ. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಕೇಳಿ ಬರೆದುಕೊಳ್ಳಬಹುದಾದಷ್ಟು ಸರಳ ಪ್ರಶ್ನೆಯಿದು.

ಈ ಪ್ರಶ್ನೆಯೂ ಎಡವುವುದು ಹೆಂಗಸರ ವಿಷಯದಲ್ಲಿ. ಒಲೆ, ರೊಟ್ಟಿ ಬಡಿಯುವ ಕಲ್ಲು, ಬಚ್ಚಲು, ದನದ ಕೊಟ್ಟಿಗೆಗಳೇ ದುಡಿಮೆಯ ತಾಣಗಳಾಗಿರುವವಳಿಗೆ ಹೊಸ್ತಿಲು ದುಡಿಮೆಯನ್ನೂ ವಿಶ್ರಾಂತಿಯನ್ನೂ ಬೇರ್ಪಡಿಸುವ ಗೆರೆಯಲ್ಲ. ಒಳಗೆ ಕಾಲು ಕಳಚಿದರೆ ಆಕೆ ತುಂಬಿದ ಕೊಡವನ್ನೂ ಬಿಸಿ ಪಾತ್ರೆಯನ್ನೂ ನೆಲದ ಮೇಲೆ ಸರಿಯುತ್ತಲೇ ಸಾಗಿಸಬೇಕು. ತೊಟ್ಟೇ ಇದ್ದರೆ ಒಲೆಯ ಮುಂದೆ ಮೊಣಕಾಲು ಮಡಿಸಲಾಗದು. ಗಂಡಸಿನ ಪಾಲಿಗೆ ಆಯ್ಕೆಯೆಂದು ಇಲ್ಲಿ ವಾದಿಸಿದ ಅದೇ ನಡೆ ಆಕೆಯ ಪಾಲಿಗೆ ಏನು ಎಂಬುದನ್ನು, ನಿಂತು ಅಡುಗೆ ಮಾಡುವ ಕಟ್ಟೆಯಿರುವ ಮನೆಗಳನ್ನೂ ಇಲ್ಲದ ಮನೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕ್ಷೇತ್ರಕಾರ್ಯವಿಲ್ಲದೆ ತೀರ್ಮಾನಿಸಲಾಗದು.