ಬೆನ್ನ ಮೇಲೆ ರೈಲಿದ್ದರೆ ರೈಲ್ವೆ ವಾಚೇ?

ಹಳೆ ಟ್ರಂಕಿನ ತಳದಲ್ಲೋ ಬೀರುವಿನ ಒಳಗೂಡಿನಲ್ಲೋ ಸರಪಳಿ ಸಮೇತ ಒಂದು ಜೇಬು ಗಡಿಯಾರ ಇಟ್ಟುಕೊಂಡಿರುವ ಮನೆಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಹಿಂಬದಿಯಲ್ಲಿ ಹೊಗೆ ಬಿಡುವ ರೈಲು ಎಂಜಿನ್ನಿನ ಚಿತ್ರ ಇದ್ದರಂತೂ ಮನೆಯವರ ಮಾತು ಒಂದೇ: "ಇದು ಬ್ರಿಟಿಷರ ಕಾಲದ ರೈಲ್ವೆ ವಾಚು, ಅಸಲಿ ಬೆಳ್ಳಿ."

ಆಮೇಲೆ ಎರಡರಲ್ಲಿ ಒಂದು ಆಗುತ್ತದೆ. ಮನೆಗೆ ಕಷ್ಟ ಬಂದಾಗ ವಾಚು ತಕ್ಕಡಿಗೆ ಹೋಗುತ್ತದೆ. ಬೆಳ್ಳಿಯ ತೂಕಕ್ಕೆ ದುಡ್ಡು ಕೊಡುತ್ತಾರೆ, ಹೊರಗಿನ ಕವಚ ಕರಗುತ್ತದೆ, ಒಳಗಿನ ಯಂತ್ರ ಗುಜರಿ ಸೇರುತ್ತದೆ. ಇಲ್ಲವೇ ಯಾರೋ ಫೋನಿನಲ್ಲಿ "ರೈಲ್ವೆ ಆಂಟಿಕ್" ಎಂಬ ಜಾಹೀರಾತು ನೋಡಿ ಇಲ್ಲದ ಬೆಲೆ ಕೊಟ್ಟು ಕೊಳ್ಳುತ್ತಾರೆ. ಒಂದು ಕಡೆ ಮಾರಿದವರಿಗೆ ನಷ್ಟ, ಇನ್ನೊಂದು ಕಡೆ ಕೊಂಡವರಿಗೆ. ಎರಡೂ ಕಡೆ ಮುಚ್ಚಳ ತೆಗೆದು ನೋಡಿದವರಿಲ್ಲ.

ಹಾಗಾದರೆ ನಿಜವಾದ ರೈಲ್ವೆ ವಾಚು ಯಾವುದು? ಆ ರೈಲಿನ ಚಿತ್ರ ಎಲ್ಲಿಂದ ಬಂತು? ನಿಮ್ಮ ಮನೆಯಲ್ಲಿರುವುದು ಯಾವುದು? ಒಂದೊಂದಾಗಿ ನೋಡೋಣ.

ನಾಲ್ಕು ನಿಮಿಷದ ಬೆಲೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ ಕಿಪ್ಟನ್ ಎಂಬ ಸಣ್ಣ ಊರಿದೆ. 1891ರ ಏಪ್ರಿಲ್‌ನಲ್ಲಿ ಅಲ್ಲಿ ಎರಡು ರೈಲುಗಳು ಮುಖಾಮುಖಿ ಡಿಕ್ಕಿ ಹೊಡೆದವು. ಇದ್ದದ್ದು ಒಂದೇ ಹಳಿ. ಎದುರಿನಿಂದ ಬರುವ ವೇಗದ ಅಂಚೆ ರೈಲಿಗೆ ಪ್ಯಾಸೆಂಜರ್ ರೈಲು ಕಿಪ್ಟನ್ನಿನಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಡಬೇಕಿತ್ತು. ಸಮಯ ಇನ್ನೂ ಇದೆ ಎಂದು ಪ್ಯಾಸೆಂಜರ್ ರೈಲಿನವರು ನಂಬಿದ್ದರು. ಎಂಜಿನ್ ಚಾಲಕನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ಓಡಿತ್ತು ಎಂದು ಆಗ ವರದಿಯಾಯಿತು. ಜನ ಸತ್ತರು.

ಆ ರೈಲು ಕಂಪನಿ ತನ್ನ ಸಿಬ್ಬಂದಿಯ ಗಡಿಯಾರಗಳನ್ನು ತಪಾಸಣೆ ಮಾಡುವ ಕೆಲಸವನ್ನು ಕ್ಲೀವ್‌ಲ್ಯಾಂಡ್ ನಗರದ ವೆಬ್ ಸಿ. ಬಾಲ್ ಎಂಬ ವಾಚು ವ್ಯಾಪಾರಿಗೆ ವಹಿಸಿತು. ಮುಂದಿನ ವರ್ಷಗಳಲ್ಲಿ ಅಮೆರಿಕದ ರೈಲ್ವೆಗಳಲ್ಲಿ ಕಟ್ಟುನಿಟ್ಟಾದ ನಿಯಮಗಳು ಬಂದವು. ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ಹಿಂದೆ ಮುಂದೆ ಆಗಬಾರದು. ಯಂತ್ರದಲ್ಲಿ ಕನಿಷ್ಠ 17 ಕಲ್ಲು ಇರಬೇಕು. ನಿಲ್ಲಿಸಿದರೂ ಮಲಗಿಸಿದರೂ ಒಂದೇ ಸಮ ಓಡಬೇಕು. ಅಂಕಿಗಳು ದಪ್ಪಗಿರಬೇಕು. ಮುಖದ ಮೇಲೆ ಮುಚ್ಚಳ ಇರಬಾರದು. ಕೈ ತಗುಲಿ ಮುಳ್ಳು ಸರಿಯದಂತೆ, ಗಾಜಿನ ಬಳೆ ಬಿಚ್ಚಿ ಒಳಗಿನ ಸಣ್ಣ ಸನ್ನೆಯನ್ನು ಎಳೆದರೆ ಮಾತ್ರ ಸಮಯ ಬದಲಿಸಲು ಬರಬೇಕು.

ಈ ನಿಯಮಗಳಲ್ಲಿ ರೈಲಿನ ಚಿತ್ರದ ಮಾತೇ ಇಲ್ಲ. ರೈಲ್ವೆ ವಾಚು ಆಗುವುದು ಒಳಗಿನ ಯಂತ್ರದಿಂದ.

ಕೂಲಿಯವನ ಜೇಬಿಗೆ ಬಂದ ವಾಚು

ಹಾಗಾದರೆ ಆ ಚಿತ್ರ? ಅದಕ್ಕೆ ಸ್ವಿಟ್ಜರ್ಲೆಂಡಿಗೆ ಹೋಗಬೇಕು. ಅಲ್ಲಿನ ಲಾ ಶೋ-ದ-ಫೋನ್ ಊರಿನಲ್ಲಿ ಜಾರ್ಜ್ ಫ್ರೆಡ್ರಿಕ್ ರಾಸ್ಕಾಫ್ ಎಂಬ ಗಡಿಯಾರಗಾರ ಇದ್ದ. ಒಳ್ಳೆಯ ವಾಚು ಶ್ರೀಮಂತರ ಸೊತ್ತಾಗಿದ್ದ ಕಾಲ ಅದು. ದುಡಿಯುವವನೂ ಕೊಳ್ಳಬಹುದಾದ, 20 ಫ್ರಾಂಕಿನ, ನಂಬಿಕೆಗೆ ಅರ್ಹವಾದ ವಾಚು ಮಾಡಬೇಕೆಂದು ಅವನು ಹಟ ಹಿಡಿದ. ಗಾಲಿಗಳನ್ನು ಕಡಿಮೆ ಮಾಡಿದ. ಬೆಲೆಬಾಳುವ ಮಾಣಿಕ್ಯದ ತುಂಡುಗಳಿದ್ದ ಜಾಗದಲ್ಲಿ ಉಕ್ಕಿನ ಸಣ್ಣ ಕಡ್ಡಿಗಳನ್ನು ಇಟ್ಟ. ಬಿಡಿಭಾಗಗಳು 57ಕ್ಕೆ ಇಳಿದವು. 1867ರಲ್ಲಿ ವಾಚು ಮಾರುಕಟ್ಟೆಗೆ ಬಂತು. ಅದೇ ವರ್ಷ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಕಂಚಿನ ಪದಕವೂ ಸಿಕ್ಕಿತು.

ಆದರೆ ಸ್ವಿಟ್ಜರ್ಲೆಂಡಿನಲ್ಲಿ 1888ರವರೆಗೆ ಪೇಟೆಂಟ್ ಕಾನೂನೇ ಇರಲಿಲ್ಲ. ಯಾರು ಬೇಕಾದರೂ ನಕಲು ಮಾಡಬಹುದಿತ್ತು, ಮಾಡಿದರು. "ರಾಸ್ಕಾಫ್ ಪದ್ಧತಿ" ಎಂದು ಬರೆದುಕೊಂಡ ಅಗ್ಗದ ವಾಚುಗಳು ದೇಶ ದೇಶಗಳಿಗೆ ಹೋದವು, ಭಾರತದ ಪೇಟೆಗೂ ಬಂದವು. ಅಂಥ ಅಗ್ಗದ ವಾಚುಗಳಲ್ಲಿ ಬಹಳಷ್ಟಕ್ಕೆ ಬೆನ್ನ ಮೇಲೆ ರೈಲು ಎಂಜಿನ್ ಒತ್ತಿದರು. ರೈಲು ಎಂದರೆ ಆ ಕಾಲದಲ್ಲಿ ವೇಗ, ರೈಲು ಎಂದರೆ ಸಮಯಪಾಲನೆ. ಚಿತ್ರ ನೋಡಿದವರಿಗೆ ನಂಬಿಕೆ ಬರಬೇಕು, ಅಷ್ಟೇ. ಈಗಿನ ಸಾಬೂನಿನ ಪೊಟ್ಟಣದ ಮೇಲೆ ಗುಲಾಬಿ ಹೂವು ಇದ್ದ ಹಾಗೆ.

ಹಾಗೆಂದು ಅದನ್ನು ಕೀಳಾಗಿ ನೋಡಬೇಕಿಲ್ಲ. ಗಡಿಯಾರ ಧಣಿಯ ಹತ್ತಿರ ಮಾತ್ರ ಇದ್ದಾಗ ಕೆಲಸ ಎಷ್ಟು ಹೊತ್ತಿಗೆ ಮುಗಿಯಿತು ಎಂದು ಹೇಳುವವನೂ ಧಣಿಯೇ. ಕೂಲಿಯವನ ಜೇಬಿನಲ್ಲೂ ಒಂದು ಗಡಿಯಾರ ಇದ್ದರೆ ಅವನೂ ಎದುರು ಮಾತಾಡಬಹುದು. ಮಾರುಕಟ್ಟೆಯಲ್ಲಿ ರಾಸ್ಕಾಫ್ ವಾಚಿಗೆ ದೊಡ್ಡ ಬೆಲೆ ಇಲ್ಲದಿರಬಹುದು. ಬಡವರ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಜಾಗವಿದೆ.

ನಮ್ಮ ಕಡೆ ಸಮಯ ಬಂದದ್ದು

ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಅಂದಿನ ದಿನಗಳಲ್ಲಿ ಒಂದೊಂದು ಊರಿಗೆ ಒಂದೊಂದು ಸಮಯ. ಮದ್ರಾಸಿಗೂ ಬೊಂಬಾಯಿಗೂ ಸುಮಾರು ಅರ್ಧ ಗಂಟೆ ಅಂತರ. ಈ ಗೊಂದಲ ತಪ್ಪಿಸಲು ರೈಲ್ವೆಯವರು ಮದ್ರಾಸ್ ಸಮಯವನ್ನು ಹಿಡಿದರು. 1906ರಲ್ಲಿ ಈಗಿನ ಭಾರತೀಯ ಸಮಯ ಬಂದಾಗ ಮದ್ರಾಸ್ ಸಮಯದ ಗಡಿಯಾರಗಳನ್ನು ಸುಮಾರು 9 ನಿಮಿಷ ಮುಂದಕ್ಕೆ ತಿರುಗಿಸಬೇಕಾಯಿತು.

ಆ ಕಾಲದ ವಾಚುಗಳ ಮುಖದ ಮೇಲೆ ಬೊಂಬಾಯಿ, ಕಲ್ಕತ್ತಾ ಎಂಬ ಹೆಸರು ಕಾಣುವುದುಂಟು. ವೆಸ್ಟ್ ಎಂಡ್ ವಾಚ್ ಕಂಪನಿಯದು ಇದಕ್ಕೆ ಒಳ್ಳೆಯ ಉದಾಹರಣೆ. ಅಂಗಡಿ ಇಲ್ಲಿತ್ತು, ಯಂತ್ರ ತಯಾರಾಗುತ್ತಿದ್ದುದು ಸ್ವಿಟ್ಜರ್ಲೆಂಡಿನಲ್ಲಿ. ಮುಖದ ಮೇಲಿನ ಹೆಸರು ಮಾರಿದವರದ್ದೂ ಆಗಿರಬಹುದು, ಮಾಡಿದವರದ್ದೇ ಆಗಬೇಕೆಂದಿಲ್ಲ.

ಮುಚ್ಚಳ ತೆಗೆದು ಓದಿ

ಕೆಲವು ವಾಚುಗಳ ಬೆನ್ನಿಗೆ ಕೀಲು ಇರುತ್ತದೆ, ಉಗುರು ಹಾಕಲು ಸಣ್ಣ ಎಡೆ ಇರುತ್ತದೆ. ಕೆಲವನ್ನು ತಿರುಗಿಸಿ ಬಿಚ್ಚಬೇಕು. ಸಲೀಸಾಗಿ ಬರದಿದ್ದರೆ ಚಾಕು ಹಾಕಬೇಡಿ, ವಾಚು ರಿಪೇರಿಯವರ ಹತ್ತಿರ ಒಯ್ಯಿರಿ. ತೆಗೆದ ಮೇಲೆ ಫೋನಿನ ಕ್ಯಾಮೆರಾದಲ್ಲಿ ಹತ್ತಿರದಿಂದ ಫೋಟೊ ಹಿಡಿದು ದೊಡ್ಡದು ಮಾಡಿ ನೋಡಿ.

ಮೊದಲು ಕವಚದ ಒಳಮೈ. ಅಲ್ಲಿ ಚುಕ್ಕಿಯಷ್ಟು ಸಣ್ಣ ಮುದ್ರೆಗಳಿರಬಹುದು. ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಬೆಳ್ಳಿ, ಸಾವಿರಕ್ಕೆ 925 ಭಾಗ. ಕರಡಿ ಇದ್ದರೆ ಸ್ವಿಸ್ ಬೆಳ್ಳಿ, 875 ಅಥವಾ ಅದಕ್ಕಿಂತ ಹೆಚ್ಚು. ಕಾಡುಕೋಳಿಯಂಥ ಹಕ್ಕಿ ಇದ್ದರೆ 800. ಅಳಿಲು ಇದ್ದರೆ 14 ಕ್ಯಾರೆಟ್ ಚಿನ್ನ, ಹೆಂಗಸಿನ ತಲೆ ಇದ್ದರೆ 18 ಕ್ಯಾರೆಟ್. ಸ್ವಿಸ್ ಸರ್ಕಾರ ಈ ಪ್ರಾಣಿ ಮುದ್ರೆಗಳ ಕಾನೂನು ಮಾಡಿದ್ದು 1880ರಲ್ಲಿ. ಆದ್ದರಿಂದ ಕರಡಿ ಇರುವ ವಾಚು ಅದಕ್ಕಿಂತ ಹಳೆಯದಲ್ಲ. ಜರ್ಮನ್ ಸಿಲ್ವರ್, ನಿಕಲ್ ಸಿಲ್ವರ್ ಎಂದು ಬರೆದಿದ್ದರೆ ಅದರಲ್ಲಿ ಬೆಳ್ಳಿ ಇಲ್ಲವೇ ಇಲ್ಲ. ಅದು ತಾಮ್ರ, ಸತು, ನಿಕಲ್ ಸೇರಿದ ಲೋಹ. ಅಮೆರಿಕದ ಹಳದಿ ವಾಚಿನಲ್ಲಿ "20 ವರ್ಷ ಗ್ಯಾರಂಟಿ" ಎಂದಿದ್ದರೆ ಅದು ಗಟ್ಟಿ ಚಿನ್ನವಲ್ಲ, ಮೇಲಿನ ಚಿನ್ನದ ಪದರ ಅಷ್ಟು ವರ್ಷ ಸವೆಯುವುದಿಲ್ಲ ಎಂಬ ಮಾತು.

ಎರಡನೆಯದು ಒಳಮುಚ್ಚಳದ ಮೇಲಿನ ಬರಹ. ಎ-ಎನ್-ಸಿ-ಆರ್-ಇ ಎಂದಿದ್ದರೆ ಅದು ಕಂಪನಿಯ ಹೆಸರಲ್ಲ, ಯಂತ್ರದ ಬಗೆಯನ್ನು ಹೇಳುವ ಫ್ರೆಂಚ್ ಮಾತು. "15 ಆರ್-ಯು-ಬಿ-ಐ-ಎಸ್" ಎಂದರೆ ಹದಿನೈದು ಮಾಣಿಕ್ಯ. ಆಸೆಪಡಬೇಡಿ, ಅವು ಗಾಲಿಯ ಅಚ್ಚು ಸವೆಯದಂತೆ ಕೂರಿಸಿದ ಸಾಸಿವೆಯಂಥ ಕಲ್ಲುಗಳು. ಉಂಗುರಕ್ಕೆ ಬಾರವು.

ಮೂರನೆಯದು ಯಂತ್ರದ ಮೇಲಿನ ನಂಬರು. ವಾಲ್ತಮ್, ಎಲ್ಜಿನ್ ಎಂಬ ಅಮೆರಿಕದ ಕಂಪನಿಗಳ ವಾಚಾದರೆ ಆ ನಂಬರಿನಿಂದ ತಯಾರಾದ ವರ್ಷವನ್ನೇ ಹುಡುಕಬಹುದು. ಇದರ ಪಟ್ಟಿಗಳು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ. ಯಂತ್ರದ ನಂಬರು ಹಾಕಬೇಕು, ಕವಚದ್ದಲ್ಲ.

ನಾಲ್ಕನೆಯದು ಕೀಲಿ. ಯಂತ್ರದ ಮೇಲೆ ಚೌಕದ ಮೊಳೆ ಇದ್ದು, ತಲೆಯ ಗುಂಡಿ ತಿರುಗಿಸಿದರೂ ಸ್ಪ್ರಿಂಗು ಬಿಗಿಯಾಗದಿದ್ದರೆ ಅದು ಬೇರೆ ಕೀಲಿ ಹಾಕಿ ತಿರುಗಿಸುವ ವಾಚು. ಗುಂಡಿ ತಿರುಗಿಸುವ ಪದ್ಧತಿ 1840ರ ದಶಕದ ನಂತರ ನಿಧಾನವಾಗಿ ಹರಡಿತು. ಗಡಿಯಾರದಲ್ಲಿ ಕೀಲಿ ಹೋಗಿ ಎಷ್ಟೋ ಕಾಲವಾದರೂ ನಾವು ಇಂದಿಗೂ "ವಾಚಿಗೆ ಕೀ ಕೊಡು" ಎಂದೇ ಹೇಳುತ್ತೇವೆ.

ಇಷ್ಟು ಮಾಡಬೇಡಿ

ಕೊಬ್ಬರಿ ಎಣ್ಣೆ ಬಿಡಬೇಡಿ, ಅಂಟಾಗಿ ಗಾಲಿ ಹಿಡಿದುಕೊಳ್ಳುತ್ತದೆ. ಬೂದಿ, ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಮುದ್ರೆ ಸವೆದು ಗುರುತೇ ಹೋಗುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ಬಣ್ಣ ಹಚ್ಚಿದ್ದರೆ ಕೆರೆಯಬೇಡಿ. ಹಳೆಯ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು. ಹೊಳಪು ನಿಂತಿದ್ದರೂ ಅದು ಅಪಾಯಕಾರಿ, ಪುಡಿ ಉಸಿರಿನೊಳಗೆ ಹೋಗಬಾರದು.

ನಿಮ್ಮ ಮನೆಯದು ಎಚ್‌ಎಂಟಿ ಜೇಬು ಗಡಿಯಾರವೂ ಆಗಿರಬಹುದು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಎಚ್‌ಎಂಟಿ ವಾಚು ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅದಕ್ಕೆ ನೂರು ವರ್ಷ ಆಗಿಲ್ಲ.

ಲೋಹ ಯಾವುದು, ಎಲ್ಲಿ ತಯಾರಾಯಿತು, ಯಾವ ಕಾಲದ್ದು ಎಂಬುದನ್ನು ಮುಚ್ಚಳದ ಒಳಗಿನ ಗುರುತುಗಳು ಹೇಳುತ್ತವೆ. ಯಾರು ಕೊಂಡರು, ಯಾವ ದುಡ್ಡಿನಲ್ಲಿ ಕೊಂಡರು, ಯಾಕೆ ಮಾರದೆ ಉಳಿಸಿಕೊಂಡರು ಎಂಬುದನ್ನು ಅವು ಹೇಳುವುದಿಲ್ಲ. ಅದು ನಿಮ್ಮ ಅಜ್ಜಿಗೋ ದೊಡ್ಡಪ್ಪನಿಗೋ ಗೊತ್ತಿರುತ್ತದೆ. ಅವರನ್ನು ಕೂರಿಸಿಕೊಂಡು ಕೇಳಿ, ಒಂದು ಚೀಟಿಯಲ್ಲಿ ಬರೆದು ವಾಚಿನ ಜೊತೆಗಿಡಿ. ಕಂಡದ್ದನ್ನು ಬೇರೆ ಬರೆಯಿರಿ, ಕೇಳಿದ್ದನ್ನು ಬೇರೆ ಬರೆಯಿರಿ. ಮುಂದೆ ಮಾರುವುದಾದರೂ ಸರಿ, ಇಟ್ಟುಕೊಳ್ಳುವುದಾದರೂ ಸರಿ, ಏನು ಕೈಯಲ್ಲಿದೆ ಎಂದು ತಿಳಿದು ಮಾಡಿದಂತಾಗುತ್ತದೆ.