ಎರಡು ಇಂಚಿನ ಕಪ್ಪು ಪಟ್ಟಿ

ಸ್ಕೂಲಿಗೆ ಏನು ಹಾಕ್ಕೊಂಡು ಬರಬೇಕು ಅನ್ನೋದನ್ನ ಶಾಲೆ ಹೇಳಬಹುದು, ಸರಿ. ಆದರೆ ಆ ಅಧಿಕಾರ ಎಲ್ಲಿಗೆ ನಿಲ್ಲುತ್ತೆ? ಇದಕ್ಕೆ ಉತ್ತರ ಹುಡುಕಿದ ಒಂದು ಹಳೇ ಕೇಸಿನ ಕಥೆ ಇವತ್ತು.

1965ರ ಡಿಸೆಂಬರ್. ಅಮೆರಿಕದ ಅಯೋವಾ ರಾಜ್ಯದ ಡಿಮೊಯಿನ್ ನಗರ. ವಿಯೆಟ್ನಾಂ ಯುದ್ಧ ನಡೀತಾ ಇತ್ತು. ಸತ್ತವರಿಗಾಗಿ ಶೋಕ ಸೂಚಿಸೋಕೆ, ಕದನವಿರಾಮ ಕೇಳೋಕೆ ಕೆಲವು ವಿದ್ಯಾರ್ಥಿಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬರೋಣ ಅಂತ ನಿರ್ಧರಿಸಿದರು. ಅವರಲ್ಲಿ ಒಬ್ಬಳು 13 ವರ್ಷದ ಮೇರಿ ಬೆತ್ ಟಿಂಕರ್. ಸುದ್ದಿ ಗೊತ್ತಾಗಿದ್ದೇ ತಡ, ಪ್ರಿನ್ಸಿಪಾಲರು ಸಭೆ ಸೇರಿ ಪಟ್ಟಿಯನ್ನು ನಿಷೇಧಿಸಿದರು. ಮಕ್ಕಳು ಆದರೂ ಕಟ್ಟಿಕೊಂಡು ಬಂದರು. ಊರಿನ 18,000 ವಿದ್ಯಾರ್ಥಿಗಳಲ್ಲಿ ಸಸ್ಪೆಂಡ್ ಆದವರು ಐದೇ ಜನ. ಪಟ್ಟಿಯ ಅಗಲ ಎರಡು ಇಂಚು, ಅಷ್ಟೇ!

ಕೆಳಗಿನ ಕೋರ್ಟ್‌ಗಳಲ್ಲಿ ಮಕ್ಕಳಿಗೆ ಜಯ ಸಿಗಲಿಲ್ಲ. 1969ರ ಫೆಬ್ರವರಿ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಿಂದ ಅವರ ಪರ ನಿಂತಿತು. ಶಾಲೆಯ ಗೇಟು ದಾಟಿದ ಕೂಡಲೇ ಮಕ್ಕಳ ವಾಕ್ ಸ್ವಾತಂತ್ರ್ಯ ಹೊರಗೇ ಉಳಿಯಲ್ಲ ಅಂದಿತು. ಗಲಾಟೆ ಆಗಬಹುದು ಅನ್ನೋ ಭಯ ಸಾಲದು, ಪಾಠಕ್ಕೆ ನಿಜವಾಗಿ ಅಡ್ಡಿಯಾಗುತ್ತೆ ಅನ್ನೋದಕ್ಕೆ ಆಧಾರ ಬೇಕು. ಇನ್ನೊಂದು ವಿಷಯ ನೋಡಿ: ಅದೇ ಶಾಲೆಗಳಲ್ಲಿ ಚುನಾವಣೆಯ ಬ್ಯಾಡ್ಜ್‌ಗೆ ತಡೆ ಇರಲಿಲ್ಲ. ನಾಜಿಗಳ ನೆನಪು ತರೋ ಐರನ್ ಕ್ರಾಸ್ ಪದಕವನ್ನೂ ಕೆಲವರು ಧರಿಸ್ತಿದ್ದರು. ಅಂದರೆ ತಡೆದದ್ದು ಒಂದೇ ಒಂದು ಅಭಿಪ್ರಾಯವನ್ನ.

ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ಇದನ್ನು ಒಪ್ಪಲಿಲ್ಲ. ಹೀಗಾದರೆ ಶಾಲೆಯ ಶಿಸ್ತೇ ಹೋಗುತ್ತೆ ಅನ್ನೋದು ಅವರ ಚಿಂತೆ. ಬಹುಮತದ ತೀರ್ಪೂ ಒಂದು ಗೆರೆ ಎಳೀತು: ಸ್ಕರ್ಟಿನ ಉದ್ದ, ಬಟ್ಟೆಯ ಬಗೆ, ಕೂದಲಿನ ಸ್ಟೈಲ್, ಇವಕ್ಕೂ ಈ ಕೇಸಿಗೂ ಸಂಬಂಧವಿಲ್ಲ.

ಆದರೆ ಬಟ್ಟೆಯೇ ನಂಬಿಕೆಯೂ ಆದಾಗ? ಆ ಪ್ರಶ್ನೆ ನಮ್ಮ ಕರ್ನಾಟಕದಲ್ಲೇ ಎದ್ದಿತು. ಹಿಜಾಬ್ ಪ್ರಕರಣದಲ್ಲಿ 2022ರ ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ತದ್ವಿರುದ್ಧ ತೀರ್ಪು ಕೊಟ್ಟರು. ದೊಡ್ಡ ದೊಡ್ಡವರಿಗೇ ಒಮ್ಮತ ಬರಲಿಲ್ಲ.

ಹಾಗಾಗಿ ನಿಮ್ಮ ಕಾಲೇಜಲ್ಲಿ ಹೊಸ ಡ್ರೆಸ್ ಕೋಡ್ ಬಂದಾಗ ಟಿಂಕರ್ ಕೇಸಿನ ಎರಡು ಪ್ರಶ್ನೆ ಕೇಳಿ ನೋಡಿ. ಗಲಾಟೆಯ ಭಯಕ್ಕೆ ಆಧಾರ ಇದೆಯಾ? ಈ ನಿಯಮ ಎಲ್ಲರಿಗೂ ಒಂದೇನಾ, ಅಥವಾ ಯಾರೋ ಒಬ್ಬರ ಮಾತನ್ನಷ್ಟೇ ತಡೀತಿದೆಯಾ?